ಲೈನ್‌ಮನ್ ಅಣ್ಣನ ಭಾನುವಾರ

ಯಾವ ವಸ್ತುವನ್ನೇ ಆಗಲಿ ಅಣ್ಣ ಮೊದಲು ಮುಟ್ಟುತ್ತಿದ್ದದ್ದು ಕೈಯ ಹಿಂಬದಿಯಿಂದ. ಬಾಗಿಲ ಚಿಲಕ, ಕಬ್ಬಿಣದ ಗೇಟು, ನೀರಿನ ಮೋಟಾರು, ಕೊನೆಗೆ ಕ್ಯಾಂಟೀನಿನ ಕಾಫಿ ಲೋಟ ಕೂಡ. ಬೆರಳ ಹಿಂಭಾಗವನ್ನು ಒಮ್ಮೆ ತಾಗಿಸಿ, ಒಂದು ಕ್ಷಣ ತಡೆದು, ಆಮೇಲೆ ಹಿಡಿಯುತ್ತಿದ್ದರು. ಅಂಗೈಯಿಂದ ಮುಟ್ಟಿದರೆ ಕರೆಂಟು ಮುಷ್ಟಿ ಬಿಗಿಸಿಬಿಡುತ್ತದೆ, ಬಿಡಿಸಿಕೊಳ್ಳಲು ಆಗುವುದಿಲ್ಲ. ಹಿಂಬದಿಯಿಂದ ಮುಟ್ಟಿದರೆ ಕೈ ತಾನಾಗಿಯೇ ದೂರ ಜಿಗಿಯುತ್ತದೆ. ಮೊದಲ ಮೊಮ್ಮಗಳು ಹುಟ್ಟಿದಾಗ ಅವಳ ಕೆನ್ನೆಯನ್ನೂ ಹೀಗೇ ಮುಟ್ಟಿದರಂತೆ. "ಮಗಾ ಕಣ್ರೀ ಅದು, ಮೀಟರ್ ಬೋರ್ಡಲ್ಲ" ಎಂದು ಅತ್ತಿಗೆ ರೇಗಿದರಂತೆ.

ಕಳೆದ ತಿಂಗಳು ಅಣ್ಣ ತೀರಿಕೊಂಡರು. ತಿಥಿಗೆ ವಿರೂಪಾಕ್ಷಿಪುರದ ಹತ್ತಿರ ಇರುವ ಅವರ ಊರಿಗೆ ಹೋಗಿದ್ದೆ. ಊಟದ ಸಾಲಿನಲ್ಲಿ ನನ್ನ ಪಕ್ಕ ಕೂತಿದ್ದವರು ಅಣ್ಣನ ಕಾಲಿನ ಕಥೆ ಹೇಳಿಕೊಳ್ಳುತ್ತಿದ್ದರು. "ಆ ಯೋಗದೋಳ ಮಾತ್ ಕೇಳಿ ಪಾದ ಕಳ್ಕಂಡ ಕಣಪ್ಪ, ಇಲ್ದಿದ್ರೆ ಇನ್ನೂ ಹತ್ತೊರ್ಸ ಇರ್ತಿದ್ದ." ಆ ಮಾತು ನಿಜವಲ್ಲ ಎಂದು ಚೆನ್ನಾಗಿ ಬಲ್ಲವನು ನಾನು. ಎಲೆಯ ಮುಂದೆ ಕೂತು ಆಡುವ ಮಾತಲ್ಲ ಎಂದು ಸುಮ್ಮನಾದೆ. ಹೀಗೆ ಸುಮ್ಮನಾಗುವುದು ನನ್ನ ಹಳೆಯ ಚಾಳಿ. ಮನೆಗೆ ಬಂದ ಮೇಲೆ ನನ್ನ ಮೇಲೆ ನನಗೇ ಸಿಟ್ಟು ಬಂತು. ಅದಕ್ಕೇ ಬರೆಯಲು ಕೂತಿದ್ದೇನೆ.

ನಾನು ರಾಮನಗರದ ವಿದ್ಯುತ್ ಕಚೇರಿಯಲ್ಲಿ ಗುಮಾಸ್ತನಾಗಿದ್ದೆ. ಅಣ್ಣ ಅಲ್ಲಿಯ ಹಿರಿಯ ಲೈನ್‌ಮನ್. ನನಗಿಂತ ಹನ್ನೆರಡು ವರ್ಷ ದೊಡ್ಡವರು; ಒಡಹುಟ್ಟಿದವರಲ್ಲದಿದ್ದರೂ ನನಗೆ ಅಣ್ಣ, ಅವರ ಹೆಂಡತಿ ಅತ್ತಿಗೆ. ಬಿಡದಿ ಕಡೆ ಫ್ಯಾಕ್ಟರಿಗಳು ಒಂದರ ಹಿಂದೆ ಒಂದು ಎದ್ದು ನಿಲ್ಲುತ್ತಿದ್ದ ಕಾಲ. ರಾಗಿ ಹೊಲ, ಹಿಪ್ಪುನೇರಳೆ ತೋಟ ಎನ್ನದೆ ಹೊಸ ಕಂಬಗಳನ್ನು ನೆಡುತ್ತಿದ್ದರು. ಫ್ಯಾಕ್ಟರಿಗೆ ಹೋಗುವ ಲೈನಿನಲ್ಲಿ ಕರೆಂಟು ಹೋದರೆ ಸಾಹೇಬರ ಫೋನು ನಿಲ್ಲುತ್ತಿರಲಿಲ್ಲ, ಊರಿಗೆ ಹೋಗುವುದರಲ್ಲಿ ಹೋದರೆ ಯಾರೂ ಕೇಳುತ್ತಿರಲಿಲ್ಲ. ಯಾರಾದರೂ ಫೋನು ಮಾಡಿ ಕರೆಂಟು ಯಾವಾಗ ಬರುತ್ತದೆ ಎಂದರೆ ನಾವೆಲ್ಲ "ಅರ್ಧ ಗಂಟೆ" ಎನ್ನುತ್ತಿದ್ದೆವು. ಅದು ನಮ್ಮ ಕಚೇರಿಯ ಸಂಪ್ರದಾಯ. ಅಣ್ಣ ಫೋನು ಎತ್ತಿಕೊಂಡರೆ ಮಾತ್ರ, "ಗೊತ್ತಿಲ್ಲ ಕಣವ್ವಾ, ಎಲ್ಲಿ ಕೆಟ್ಟೈತೆ ಅಂತ್ಲೇ ಇನ್ನೂ ಸಿಕ್ಕಿಲ್ಲ. ಅಡ್ಗೆಗೆ ರುಬ್ಬೋದಿದ್ರೆ ಒಳ್ಕಲ್ಲಲ್ಲೇ ರುಬ್ಕೊಳವ್ವ" ಎನ್ನುತ್ತಿದ್ದರು. ಸಾಹೇಬರು ಬೈದರೆ, "ಗೊತ್ತಿಲ್ದಿರೋದ್ನ ಎಂಗ್ ಯೋಳ್ಲಿ ಸಾ?" ಎಂದು ತಲೆ ಕೆರೆದುಕೊಳ್ಳುತ್ತಿದ್ದರು. ಸುಳ್ಳು ಹೇಳಬಾರದೆಂಬ ದೊಡ್ಡ ವ್ರತವೇನೂ ಅವರಿಗಿರಲಿಲ್ಲ. ಅದು ಅವರ ಬಾಯಿಗೆ ಬರುತ್ತಿರಲಿಲ್ಲ, ಅಷ್ಟೆ.

ಆ ವರ್ಷಗಳಲ್ಲಿ ನಮ್ಮೂರ ಗಂಡಸರಿಗೆಲ್ಲ ಹೊಟ್ಟೆ ಬಂದಿತ್ತು. ಜಮೀನು ಕೊಟ್ಟವರಿಗೆ ಗೇಯುವ ಕೆಲಸವಿರಲಿಲ್ಲ, ಫ್ಯಾಕ್ಟರಿ ಸೇರಿದವರನ್ನು ಬಸ್ಸು ಮನೆ ಹತ್ತಿರವೇ ಬಂದು ಕರೆದುಕೊಂಡು ಹೋಗುತ್ತಿತ್ತು, ನಮ್ಮಂಥವರಿಗೆ ಕುರ್ಚಿಯಂತೂ ಇದ್ದೇ ಇತ್ತು. ಹಾಗಿರುವಾಗ ಒಂದು ಕಲ್ಯಾಣ ಮಂಟಪದ ಮುಂದೆ ಬ್ಯಾನರ್ ಕಟ್ಟಿದರು: ಪುರುಷರಿಗೆ ಯೋಗ ಶಿಬಿರ, ಬೆಳಗ್ಗೆ ಐದೂವರೆಗೆ. ಮೊದಲ ದಿನ ಏಳು ಜನ ಹೋದರು. ಕಲಿಸುವವರು ಮೈಸೂರು ಕಡೆಯ ಹೆಣ್ಣುಮಗಳು, ಮೂವತ್ತರ ಆಸುಪಾಸು, ಬಿಳಿ ಚೂಡಿದಾರ, ಉದ್ದ ಜಡೆ, ಬಹಳ ಮೆದುವಾದ ಮಾತು ಎಂದು ಆ ಏಳು ಜನ ಟೀ ಅಂಗಡಿಯಲ್ಲಿ ಸುದ್ದಿ ಹಬ್ಬಿಸಿದರು. ಮುಂದಿನ ವಾರ ಜಮಖಾನ ಸಾಲದೆ ಮದುವೆಯ ಚಾಪೆಗಳನ್ನೂ ಹಾಸಬೇಕಾಯಿತು.

ನಾನೂ ಹೋದೆ. ಬೆನ್ನು ನೋವಿತ್ತು ಎಂಬುದು ನಿಜ. ಆದರೆ ಬೆನ್ನು ನೋವಿಗೆ ಯಾರೂ ಹೊಸ ಟ್ರ್ಯಾಕ್ ಪ್ಯಾಂಟು ಕೊಂಡು, ತಲೆಗೆ ಬಣ್ಣ ಹಚ್ಚಿಕೊಂಡು ಹೋಗುವುದಿಲ್ಲ. ಮುಂದಿನ ಸಾಲಿಗೆ ಐದು ಗಂಟೆಗೇ ಟವಲು ಹಾಸಿ ಜಾಗ ಹಿಡಿಯುವವರಿದ್ದರು. ಶವಾಸನದಲ್ಲಿ ಕಣ್ಣು ಮುಚ್ಚಿ ಎಂದರೆ ಅರ್ಧಕ್ಕರ್ಧ ಹೆಣಗಳು ಕಣ್ಣು ಬಿಟ್ಟುಕೊಂಡೇ ಮಲಗಿರುತ್ತಿದ್ದವು. ಇದರಲ್ಲಿ ಕೆಟ್ಟದ್ದೇನೂ ಇರಲಿಲ್ಲ ಎಂದೇ ಈಗಲೂ ನನಗನಿಸುತ್ತದೆ. ಬೆಳಗಾದರೆ ಒಬ್ಬ ಹೆಣ್ಣುಮಗಳು ನಮ್ಮನ್ನು ನೋಡಿ ನಕ್ಕು, "ಸಾರ್, ಇವತ್ತು ಮೊಣಕಾಲು ಚೆನ್ನಾಗಿ ಮಡಚಿದಿರಿ" ಎನ್ನುತ್ತಾಳೆ. ನಲವತ್ತು ದಾಟಿದ ಗಂಡಸಿಗೆ ಆ ಮಾತನ್ನು ಬೇರೆ ಯಾರು ಹೇಳುತ್ತಾರೆ?

ಅಣ್ಣ ಅಲ್ಲಿಗೆ ಬಂದದ್ದು ಯೋಗಕ್ಕಲ್ಲ. ಮೈಕು ಹಿಡಿದರೆ ಶಾಕ್ ಹೊಡೆಯುತ್ತದೆ ಎಂದು ಮೇಡಂ ದೂರು ಕೊಟ್ಟಿದ್ದರು. ಅಣ್ಣ ಬಂದು, ಕೈಯ ಹಿಂಬದಿಯಿಂದ ಮೈಕು ಮುಟ್ಟಿ ಕೈ ಹಿಂದಕ್ಕೆಳೆದುಕೊಂಡು, "ಇದನ್ನಿಡ್ಕಂಡು ಒಂದ್ ವಾರ ಮಾತಾಡಿದ್ದೀರಲ್ಲವ್ವಾ!" ಎಂದು ಬೆಚ್ಚಿದರು. ಮಂಟಪದ ಹಿಂದೆ ಆಳುದ್ದ ಗುಂಡಿ ತೋಡಿ, ಇದ್ದಿಲು ಉಪ್ಪು ತುಂಬಿ, ಹೊಸದಾಗಿ ಅರ್ಥಿಂಗ್ ಕೊಟ್ಟರು. ಆ ಕೆಲಸ ಅವರದ್ದಲ್ಲ, ಮಂಟಪದವರದ್ದು. ಮಾರನೆಯ ದಿನ ಸರಿಯಾಗಿದೆಯೋ ನೋಡಲು ಬಂದರು. ಅದರ ಮಾರನೆಯ ದಿನವೂ ಬಂದರು. ನಾಲ್ಕನೆಯ ದಿನ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹಿಂದಿನ ಸಾಲಿನ ಮೂಲೆಯಲ್ಲಿ ಪದ್ಮಾಸನ ಹಾಕಿ ಕೂತಿದ್ದರು. ದಿನವೂ ಮೇಡಂ ಬರುವ ಮುಂಚೆ ಮೈಕನ್ನೊಮ್ಮೆ ಮುಟ್ಟಿ ನೋಡಿ ತಮ್ಮ ಜಾಗಕ್ಕೆ ಹೋಗುತ್ತಿದ್ದರು. ಅವರೊಂದಿಗೆ ಮಾತೇ ಆಡುತ್ತಿರಲಿಲ್ಲ. "ಏನಣ್ಣಾ, ಮೇಡಂ ಮೇಲೆ ಮನಸ್ಸಾ?" ಎಂದು ಛೇಡಿಸಿದರೆ ಕಿವಿ ಕೆಂಪಗಾಗುತ್ತಿತ್ತು. "ಥೂ, ಸುಮ್ಕಿರಪ್ಪ. ಆ ವಮ್ಮ ಮಾತಾಡ್ತಿದ್ರೆ ಒಸಿ ಎದೆ ತಣ್ಗಾಯ್ತದೆ, ಅಷ್ಟೇಯ" ಎಂದು ಒಪ್ಪಿಕೊಂಡೇ ಬಿಡುತ್ತಿದ್ದರು.

ಮೇಡಂ ಹತ್ತಿರ ಒಂದು ಸಣ್ಣ ಪುಸ್ತಕವಿತ್ತು. ಅವರು ಕಲಿತ ಕಡೆ ಕೊಟ್ಟದ್ದಂತೆ. ಮಂಡೂಕಾಸನಕ್ಕೆ ಸಕ್ಕರೆ ಕಾಯಿಲೆ ಹೋಗುತ್ತದೆ, ಸರ್ವಾಂಗಾಸನಕ್ಕೆ ಥೈರಾಯ್ಡು, ಯಾವುದೋ ಒಂದು ಮುದ್ರೆಗೆ ಹೃದಯದ ಅಡಚಣೆ ಎಂದೆಲ್ಲ ಅದರಲ್ಲಿತ್ತು. ಅವರು ಅದನ್ನು ಮೋಸ ಮಾಡಲು ಓದುತ್ತಿರಲಿಲ್ಲ, ಅಕ್ಷರಕ್ಷರ ನಂಬಿ ಓದುತ್ತಿದ್ದರು. ಭಾನುವಾರ ಮಾತ್ರ ಆಸನ ಕಡಿಮೆ, 'ಅನುಭವ' ಜಾಸ್ತಿ. ಗುಣವಾದವರು ಎದ್ದು ನಿಂತು ಹೇಳಬೇಕು. ಎಲ್ಲರೂ ಚಪ್ಪಾಳೆ ತಟ್ಟಿದ ಮೇಲೆ ಮೇಡಂ ತಾವೇ ಇಳಿದು ಬಂದು ಜೇನು ಬೆರೆಸಿದ ನೆಲ್ಲಿಕಾಯಿ ರಸದ ಲೋಟವನ್ನು ಅವರ ಕೈಗೆ ಕೊಡುತ್ತಿದ್ದರು.

ಆ ಲೋಟಕ್ಕಾಗಿ ನಮ್ಮೂರಿನ ಗಂಡಸರು ಆಡಿದ ಸುಳ್ಳು ಅಷ್ಟಿಷ್ಟಲ್ಲ. ಒಬ್ಬನಿಗೆ ಇಲ್ಲದ ಉಬ್ಬಸ ಹೋಯಿತು. ಇನ್ನೊಬ್ಬನಿಗೆ ಗೊರಕೆ ನಿಂತಿತು. ಅವನು ಅದೇ ದಿನ ಶವಾಸನದಲ್ಲಿ ಗೊರಕೆ ಹೊಡೆದ. ಮೂರು ಭಾನುವಾರ ನೋಡಿದ ಮೇಲೆ ನನಗೂ ತಡೆಯಲಾಗಲಿಲ್ಲ. ಬೆನ್ನು ನೋವು ಕಡಿಮೆಯಾಯಿತು ಎಂದರೆ ಯಾರು ಮೂಸುತ್ತಾರೆ? ಎದ್ದು ನಿಂತು, "ನನಗೆ ಐದು ವರ್ಷದಿಂದ ಸಕ್ಕರೆ ಕಾಯಿಲೆ ಇತ್ತು. ಮಾತ್ರೆ ಬಿಟ್ಟು ಮಂಡೂಕಾಸನ ಶುರು ಮಾಡಿದೆ. ಈಗ ಪೂರ್ತಿ ನಾರ್ಮಲ್ಲು" ಎಂದುಬಿಟ್ಟೆ. ನನಗೆ ಸಕ್ಕರೆ ಕಾಯಿಲೆ ಇರಲೇ ಇಲ್ಲ. ಚಪ್ಪಾಳೆ ಮಂಟಪದ ಛಾವಣಿ ಮುಟ್ಟಿತು. ಮೇಡಂ ಕಣ್ಣಲ್ಲಿ ನೀರು ತುಂಬಿಕೊಂಡು ಲೋಟ ಕೊಟ್ಟರು. ನಾನು ಗಟಗಟ ಕುಡಿದೆ. ಹಿಂದಿನ ಸಾಲಿನಲ್ಲಿ ಅಣ್ಣ ನನ್ನನ್ನೇ ನೋಡುತ್ತಿದ್ದರು.

ಅಣ್ಣನಿಗೆ ಸಕ್ಕರೆ ಕಾಯಿಲೆ ನಿಜವಾಗಿಯೂ ಇತ್ತು. ಕಟಿಂಗ್ ಪ್ಲೇಯರ್, ಟೆಸ್ಟರ್ ಇಡುವ ಚರ್ಮದ ಚೀಲದಲ್ಲೇ ಸರ್ಕಾರಿ ಆಸ್ಪತ್ರೆಯ ಮಾತ್ರೆಯೂ ಇರುತ್ತಿತ್ತು. ಆ ವಾರದಲ್ಲೇ ಒಂದು ದಿನ ಕಚೇರಿಯ ಮೆಟ್ಟಿಲ ಮೇಲೆ ನನ್ನನ್ನು ನಿಲ್ಲಿಸಿಕೊಂಡರು.

"ನಿಜ್ವಾಗ್ಲೂ ಮಾತ್ರೆ ಬುಟ್ಬುಟ್ಟಿದ್ದೀಯೇನಪ್ಪಾ?"

ಆಗ ಹೇಳಿಬಿಡಬಹುದಿತ್ತು. ಸುತ್ತ ಯಾರೂ ಇರಲಿಲ್ಲ. ನಕ್ಕು, "ಅಣ್ಣಾ, ಲೋಟದ ಆಸೆಗೆ ಹೇಳಿದೆ" ಎಂದಿದ್ದರೆ ಅವರೂ ನಗುತ್ತಿದ್ದರು. ಆದರೆ ದೊಡ್ಡವನಾಗಿ ಕಾಣಿಸಿಕೊಂಡಿದ್ದ ಮೂರು ದಿನದ ಸುಖ ಇನ್ನೂ ನಾಲಿಗೆಯ ಮೇಲಿತ್ತು. "ಹೂಂ ಅಣ್ಣ, ಒಂದು ತಿಂಗಳಾಯ್ತು" ಎಂದೆ.

"ತಲೆ ಗಿಲೆ ತಿರುಗ್ನಿಲ್ವಾ?"

"ಮೊದಲ ವಾರ ಸ್ವಲ್ಪ. ಆಮೇಲೆ ಏನೂ ಇಲ್ಲ."

ಅಣ್ಣ ತಲೆಯಾಡಿಸಿ ಏಣಿ ಹೆಗಲಿಗಿಟ್ಟುಕೊಂಡು ಹೊರಟರು. ನಾನು ಒಳಗೆ ಹೋಗಿ ಬಿಲ್ಲು ಬರೆಯಲು ಕೂತೆ. ಅವರು ಅದೇ ದಿನ ಮಾತ್ರೆ ನಿಲ್ಲಿಸಿದರು ಎಂದು ನನಗೆ ತಿಳಿದದ್ದು ಬಹಳ ತಡವಾಗಿ.

ಮುಂದಿನ ಎರಡು ತಿಂಗಳಲ್ಲಿ ಅಣ್ಣ ಇಳಿದುಹೋದರು. ಪ್ಯಾಂಟು ಸೊಂಟದಲ್ಲಿ ನಿಲ್ಲುತ್ತಿರಲಿಲ್ಲ. ಸಕ್ಕರೆ ಏರಿದಾಗಲೂ ಮೈ ಹೀಗೆ ಕರಗುತ್ತದೆ ಎಂದು ನಮಗ್ಯಾರಿಗೆ ಗೊತ್ತಿತ್ತು? "ನೋಡಿ, ಅಭ್ಯಾಸ ಅಂದರೆ ಇವರದು!" ಎಂದು ಮೇಡಂ ಎಲ್ಲರೆದುರು ಅವರನ್ನು ತೋರಿಸಿದರು. ಮರು ಭಾನುವಾರ ಅಣ್ಣ ಮೊದಲ ಬಾರಿಗೆ ಎದ್ದು ನಿಂತರು. ಕೈ ಎಲ್ಲಿಡಬೇಕೆಂದು ಗೊತ್ತಾಗದೆ ಹಿಂದೆ ಕಟ್ಟಿಕೊಂಡರು. "ನಂಗೂ ಸಕ್ರೆ ಕಾಯ್ಲೆ ಐತೆ. ಮಾತ್ರೆ ಬುಟ್ಟು ಎಲ್ಡ್ ತಿಂಗ್ಳಾಯ್ತು. ಮೈ ಹಗುರ್ವಾಗೈತೆ. ವಾಸಿಯಾಗೈತೋ ಇಲ್ವೋ ನಂಗೊತ್ತಿಲ್ಲ, ರಕ್ತ ನೋಡ್ಸಿಲ್ಲ. ಆದ್ರೆ ಬೆಳಿಗ್ಗೆ ಇಲ್ಲಿಗ್ ಬರೋದಂದ್ರೆ ಕುಸಿಯಾಯ್ತದೆ" ಎಂದು ಕೂತುಬಿಟ್ಟರು. ಜನ ನಕ್ಕು ಚಪ್ಪಾಳೆ ತಟ್ಟಿದರು. ಮೇಡಂ ಕೊಟ್ಟ ಲೋಟವನ್ನು ಅಣ್ಣ ನೇರವಾಗಿ ಎರಡೂ ಅಂಗೈಯಲ್ಲಿ ಹಿಡಿದುಕೊಂಡರು. ಎಷ್ಟೋ ಹೊತ್ತು ಕುಡಿಯಲೇ ಇಲ್ಲ.

ಆಮೇಲಿನದ್ದನ್ನು ಬೇಗ ಹೇಳಿ ಮುಗಿಸುತ್ತೇನೆ. ಬಿಡದಿ ಕಡೆಯ ಹೊಸ ಲೈನು ಎಳೆಯುವಾಗ ತಂತಿಯ ತುಂಡೊಂದು ಚಪ್ಪಲಿ ದಾಟಿ ಅವರ ಎಡಗಾಲಿಗೆ ಚುಚ್ಚಿತು. ಸಕ್ಕರೆಗೆ ಪಾದ ಮರಗಟ್ಟಿದ್ದರಿಂದ ಅವರಿಗೆ ಗೊತ್ತೇ ಆಗಲಿಲ್ಲ. ಸಂಜೆ ಕಾಲು ತೊಳೆಯುವಾಗ ಅತ್ತಿಗೆ ನೋಡಿ ಅರಿಶಿನ ಹಚ್ಚಿದರು. ಹತ್ತೇ ದಿನದಲ್ಲಿ ಕಾಲು ಕಪ್ಪಾಯಿತು. ಬೆಂಗಳೂರಿನ ಆಸ್ಪತ್ರೆಯಲ್ಲಿ ಅರ್ಧ ಪಾದ ತೆಗೆದರು. ಮಾತ್ರೆ ಯಾವಾಗಿಂದ ತಗೊಂಡಿಲ್ಲ ಎಂದು ಡಾಕ್ಟರು ಕೇಳಿದಾಗಲೇ ಮನೆಯವರಿಗೂ ವಿಷಯ ತಿಳಿದದ್ದು.

ಆ ಭಾನುವಾರ ಅನುಭವ ಹೇಳುವ ಹೊತ್ತಿಗೆ ಅತ್ತಿಗೆ ಮಂಟಪಕ್ಕೆ ಬಂದರು. ಆಸ್ಪತ್ರೆಯಿಂದ ನೇರ ಬಂದಿದ್ದರು. ಕೈಯಲ್ಲಿ ಖಾಲಿ ಊಟದ ಕ್ಯಾರಿಯರ್ ಇತ್ತು. ಬಾಗಿಲಲ್ಲೇ ನಿಂತು ಕೇಳಿದರು.

"ನಮ್ಮೆಜಮಾನ್ರಿಗೆ ಮಾತ್ರೆ ಬುಡು ಅಂದೋಳು ನೀನೇಯೇನವ್ವಾ?"

ಮೇಡಂ ಎದ್ದು ನಿಂತರು. ವಿಷಯ ಕೇಳಿ ಮುಖ ಬಿಳಿಚಿಕೊಂಡಿತು. "ನಾನು ಬಿಡಿ ಅಂತ ಹೇಳಿಲ್ಲಮ್ಮ. ಆದರೆ ಬಿಟ್ಟೆ ಅಂದವರಿಗೆ ಚಪ್ಪಾಳೆ ತಟ್ಟಿಸಿದ್ದೀನಿ" ಎಂದರು. ಆಮೇಲೆ ನನ್ನ ಕಡೆ ತಿರುಗಿದರು. ಆ ನೋಟವನ್ನು ನಾನು ಸಾಯುವವರೆಗೂ ಮರೆಯಲಾರೆ. "ಸಾರ್, ನಿಮಗೆ ವಾಸಿಯಾಗಿದೆಯಲ್ಲ? ನೀವಾದರೂ ಹೇಳಿ ಸಾರ್."

ನಲವತ್ತು ಗಂಡಸರು ಚಾಪೆ ನೋಡುತ್ತಿದ್ದರು. ನಾನೂ ಚಾಪೆಯನ್ನೇ ನೋಡಿದೆ. ಅತ್ತಿಗೆ "ಅನ್ಬವ ಅಂತೆ, ಅನ್ಬವ" ಎಂದು ಹೇಳಿ, ಸೆರಗಿನಲ್ಲಿ ಮುಖ ಒರೆಸಿಕೊಂಡು ಹೋದರು. ಅದೇ ವಾರ ಶಿಬಿರ ನಿಂತಿತು. ಮೇಡಂ ಊರು ಬಿಟ್ಟರು. ಅವರೇ ಮಾತ್ರೆ ಬಿಡಿಸಿದರು ಎಂಬ ಮಾತು ಊರಿನಲ್ಲಿ ಉಳಿಯಿತು. ಟವಲು ಹಾಸಿ ಜಾಗ ಹಿಡಿಯುತ್ತಿದ್ದವರೇ ಅದನ್ನು ಎಲ್ಲರಿಗಿಂತ ಜೋರಾಗಿ ಹೇಳಿದರು. ನಾನು ಆಗಲೂ ಬಾಯಿ ಬಿಡಲಿಲ್ಲ.

ಅಣ್ಣ ಕೆಲಸಕ್ಕೆ ಮರಳಿದಾಗ ಕಂಬ ಹತ್ತುವಂತಿರಲಿಲ್ಲ. ದೂರಿನ ಫೋನು ಎತ್ತುವ ಕೆಲಸ ಕೊಟ್ಟು ನನ್ನ ಪಕ್ಕದ ಮೇಜಿಗೇ ಕೂರಿಸಿದರು. ದೇವರು ಇದ್ದಾನೆ ಎಂದು ನಾನು ಗಟ್ಟಿಯಾಗಿ ನಂಬಿದ್ದು ಆಗಲೇ. ಬಟ್ಟೆ ತುರುಕಿದ ಬೂಟಿನ ಆ ಕಾಲನ್ನು ಮೇಜಿನ ಕೆಳಗೆ ಚಾಚಿಕೊಂಡು, "ಗೊತ್ತಿಲ್ಲ ಕಣವ್ವಾ, ಇನ್ನೂ ಉಡುಕ್ತಾವ್ರೆ" ಎಂದು ಫೋನಿನಲ್ಲಿ ನಿಜ ಹೇಳುತ್ತಿದ್ದರು. ಎರಡು ವರ್ಷ ನಾನು ಅದನ್ನು ಪಕ್ಕದಲ್ಲಿ ಕೂತು ಕೇಳಿದೆ. ದಿನಾ ಬೆಳಗ್ಗೆ ಇವತ್ತು ಹೇಳುತ್ತೇನೆ ಎಂದುಕೊಳ್ಳುತ್ತಿದ್ದೆ. ಅಣ್ಣ ಮಾತ್ರ ನನ್ನ ಡಬ್ಬಿಯಿಂದ ಪಲ್ಯ ತೆಗೆದುಕೊಂಡು, ತಮ್ಮ ಡಬ್ಬಿಯ ಮುದ್ದೆ ಮುರಿದು ನನಗೆ ಕೊಡುತ್ತಿದ್ದರು.

ಕೊನೆಗೆ ಗುಟ್ಟು ರಟ್ಟಾದದ್ದು ನನ್ನ ಧೈರ್ಯದಿಂದಲ್ಲ. ಕಚೇರಿಯಲ್ಲಿ ಆರೋಗ್ಯ ತಪಾಸಣೆ ಇಟ್ಟರು. ಬೆರಳು ಚುಚ್ಚುವ ಸಿಸ್ಟರ್, "ಸಕ್ಕರೆ ಕಾಯಿಲೆ ಏನಾದರೂ ಇತ್ತಾ?" ಎಂದು ಕೇಳಿದರು. "ಇಲ್ಲ, ಯಾವತ್ತೂ ಇಲ್ಲ" ಎಂದೆ. ತಿರುಗಿ ನೋಡಿದರೆ ಸಾಲಿನಲ್ಲಿ ನನ್ನ ಬೆನ್ನ ಹಿಂದೆಯೇ ಅಣ್ಣ ನಿಂತಿದ್ದರು.

ಅವರು ಟೀ ಹೊತ್ತಿಗೆ ಕ್ಯಾಂಟೀನಿನ ಬೆಂಚಿನ ಮೇಲೆ ಪಕ್ಕ ಬಂದು ಕೂತರು.

"ಇರ್ನೇ ಇಲ್ವಾ?"

"ಇರಲಿಲ್ಲ ಅಣ್ಣ."

"ಅವತ್ತು ಮೆಟ್ಲತಾವ ಕೇಳ್ದಾಗ್ಲೂ?"

"ಆಗಲೂ ಸುಳ್ಳೇ ಹೇಳಿದೆ. ತಪ್ಪಾಯ್ತು ಅಣ್ಣ. ನಿಮ್ಮ ಕಾಲು ಹೋದದ್ದು ನನ್ನಿಂದ." ಹೇಳುತ್ತಲೇ ಅಳು ಬಂತು. ಕೆನ್ನೆಗೆ ಹೊಡೆದರೂ ಸರಿ, ಉಗಿದರೂ ಸರಿ ಎಂದು ತಲೆ ಬಗ್ಗಿಸಿ ಕೂತೆ.

ಅಣ್ಣ ಲೋಟವನ್ನು ಬೆಂಚಿನ ಮೇಲಿಟ್ಟರು. ಆಮೇಲೆ ಕೇಳಿದರು: "ಮೇಡಂಗೆ ಗೊತ್ತಾ?"

"ಇಲ್ಲ."

"ಎಂಥಾ ಕೆಲ್ಸ ಮಾಡ್ದೆಲಾ!" ಅವರು ನನ್ನನ್ನು ಬೈದು ಲಾ ಎಂದದ್ದು ಅದೊಂದೇ ಸಲ. "ಕಾಲು ನಂದು, ನಾನ್ ಬುಟ್ಟೆ, ಓಯ್ತು. ಆ ವಮ್ಮ ತನ್ನಿಂದ್ಲೇ ಆಯ್ತು ಅಂದ್ಕಂಡು ಓಗೈತಲ್ಲ. ಅದುನ್ನ ಒತ್ಕಂಡು ಎಂಗ್ ಬದುಕ್ತೈತೆ? ಭಾನ್ವಾರ ಓಗನ ನಡಿ."

ಎಲ್ಲಿಗೆ ಎಂದು ಕೇಳಿದೆ. ಕನಕಪುರಕ್ಕೆ, ಎಂದರು. ಯಾವ ಮನೆಯಲ್ಲಿ ಯಾರಿದ್ದಾರೆ ಎಂಬುದು ಮೀಟರು ಓದುವವರಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರುವುದಿಲ್ಲ. ಅಲ್ಲಿಯ ಲೈನ್‌ಮನ್‌ಗಳಿಂದ ಅಣ್ಣ ಯಾವತ್ತೋ ಮೇಡಂ ಮನೆ ತಿಳಿದುಕೊಂಡಿದ್ದರು. ಹೋಗಿರಲಿಲ್ಲ, ಅಷ್ಟೆ.

ಭಾನುವಾರ ಕನಕಪುರದ ಬಸ್ ನಿಲ್ದಾಣದಲ್ಲಿ ಇಳಿದ ಮೇಲೆ ಅಣ್ಣ ಕಲ್ಲುಬೆಂಚಿನ ಮೇಲೆ ಕೂತುಬಿಟ್ಟರು. "ನೀನೋಗಿ ಯೋಳ್ಬುಟ್ಟು ಬಾ. ನಾನ್ ಬಂದ್ರೆ ಕಾಲ್ ನೋಡ್ತಾರೆ." ಎಷ್ಟು ಕರೆದರೂ ಏಳಲಿಲ್ಲ. ಎಡಗಾಲನ್ನು ಬೆಂಚಿನ ಕೆಳಗೆ ಎಳೆದುಕೊಂಡರು.

ಮೇಡಂ ಒಂದು ಶಾಲೆಯಲ್ಲಿ ಡ್ರಿಲ್ ಟೀಚರಾಗಿದ್ದರು. ಯೋಗ ಕಲಿಸುವುದನ್ನು ಬಿಟ್ಟಿದ್ದರು. ನನ್ನನ್ನು ಕಂಡು ಬಾಗಿಲಲ್ಲೇ ನಿಂತರು, ಒಳಗೆ ಕರೆಯಲಿಲ್ಲ. ನಿಂತುಕೊಂಡೇ ಎಲ್ಲವನ್ನೂ ಹೇಳಿದೆ. ನನ್ನ ಲೋಟ, ನನ್ನ ಸುಳ್ಳು, ಮೆಟ್ಟಿಲ ಮೇಲಿನ ಮಾತು, ಆ ಭಾನುವಾರ ನಾನು ಚಾಪೆ ನೋಡಿದ್ದು. ಅವರು ಅಡ್ಡ ಮಾತಾಡದೆ ಕೇಳಿದರು. ಆಮೇಲೆ, "ಅಂದರೆ ಯಾರಿಗೂ ಏನೂ ಒಳ್ಳೇದಾಗಲೇ ಇಲ್ವಾ ಸಾರ್? ಒಬ್ಬರಿಗೂ?" ಎಂದರು.

"ನನ್ನ ಬೆನ್ನು ನೋವು ಹೋಯ್ತು ಮೇಡಂ. ನಿದ್ದೆ ಚೆನ್ನಾಗಿ ಬರ್ತಿತ್ತು."

"ಅದನ್ನೇ ಹೇಳಬಹುದಿತ್ತಲ್ಲ."

"ಅದಕ್ಕೆ ನಿಮ್ಮ ಕಣ್ಣಲ್ಲಿ ನೀರು ಬರ್ತಿರಲಿಲ್ಲ" ಎಂದೆ. ನಾಚಿಕೆಯಾದರೂ ಹೇಳಿದೆ.

ಅವರು ಬಾಗಿಲ ಚೌಕಟ್ಟಿಗೆ ಒರಗಿಕೊಂಡರು. "ಆ ಪುಸ್ತಕ ಓದಿದ್ದು ನಾನೇ ಸಾರ್. ನಿಮ್ಮ ಸುಳ್ಳಿನ ಜೊತೆ ನಂದೂ ಇದೆ" ಎಂದರು. ನಾನು ಹೊರಡುವಾಗ ಕರೆದು ಕೇಳಿದರು: "ಆ ಲೈನ್‌ಮನ್ ಅಣ್ಣ ಎದ್ದು ನಿಂತು ಹೇಳಿದರಲ್ಲ, ಅವರದ್ದೂ ಸುಳ್ಳಾ? ಬೆಳಗ್ಗೆ ಇಲ್ಲಿಗೆ ಬರೋದಂದ್ರೆ ಖುಷಿ ಅಂದಿದ್ದರು."

ನಿಲ್ದಾಣಕ್ಕೆ ಮರಳಿದಾಗ ಅಣ್ಣ ಅದೇ ಬೆಂಚಿನಲ್ಲಿ ಬೆನ್ನು ನೇರ ಮಾಡಿ ಕೂತಿದ್ದರು.

"ಯೋಳ್ದಾ?"

"ಎಲ್ಲಾ ಹೇಳಿದೆ."

"ನನ್ ಇಸ್ಯ ಏನಾರ ಕೇಳುದ್ರಾ?"

"ಕೇಳಿದ್ರು. ನೀವು ಹೇಳಿದ್ದೂ ಸುಳ್ಳಾ ಅಂದ್ರು."

ಅಣ್ಣ ಬೆಂಚಿನಿಂದ ಅರ್ಧ ಎದ್ದರು. "ಅದಕ್ಕೆ ನೀನೇನಂದೆ?"

"ಆ ಮಂಟಪದಲ್ಲಿ ನಿಜ ಹೇಳಿದವರು ನೀವೊಬ್ಬರೇ ಅಂದೆ."

ಅಣ್ಣ ಮತ್ತೆ ಕೂತರು. ರಾಮನಗರದ ಬಸ್ಸು ಬಂದು ನಿಂತು ಜನ ನುಗ್ಗುತ್ತಿದ್ದರು. ಹೋಗೋಣವಾ ಎಂದೆ. "ಈ ಬಸ್ಸು ಓಗ್ಲಿ ಬುಡಪ್ಪ," ಎಂದರು, "ಮುಂದಿನ್ ಬಸ್ಗೋಗನ. ಒಸಿ ಕೂತ್ಕಂತೀನಿ."